ಅಜೇಯ ಬೇರೆ, ಅಪರಾಜಿತ ಬೇರೆ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಹೆವಿವೇಟ್ ಬಾಕ್ಸರ್ ರಾಕಿ ಮಾರ್ಸಿಯಾನೊ ಕುರಿತ ಲೇಖನ ಓದಿದೆ. 49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕೌಟ್. ಲೇಖನ ಚೆನ್ನಾಗಿತ್ತು. ತಲೆಬರಹದಲ್ಲಿ ಮಾತ್ರ ‘ಅಜೇಯ’ ಎಂದು ಹಾಕಿದ್ದಿರಿ. ಬುಧವಾರ ಹುಬ್ಬಳ್ಳಿಯ ಓದುಗರೊಬ್ಬರು, ಮೊಹಮ್ಮದ್ ಅಲಿ ಎದುರಿಗೆ ನಿಂತಿದ್ದರೆ ಈತ ಐದು ಸುತ್ತೂ ಬಾಳುತ್ತಿರಲಿಲ್ಲ ಎಂದು ಬರೆದರು. ಶುಕ್ರವಾರ ಧಾರವಾಡದವರೊಬ್ಬರು, ಅವನನ್ನು ಸೋಲಿಸುವ ಗಂಡಸು ಹುಟ್ಟಿರಲೇ ಇಲ್ಲ ಎಂದು ಉತ್ತರ ಕೊಟ್ಟರು. ಇಬ್ಬರ ಜಗಳವೂ ಆ ತಲೆಬರಹದ ಮೂರು ಅಕ್ಷರದಿಂದ ಹುಟ್ಟಿದ್ದು. ಅದಕ್ಕೇ ಈ ಪತ್ರ.

ನಾನು ಗದಗಿನ ಪ್ರೆಸ್ಸೊಂದರಲ್ಲಿ 31 ವರ್ಷ ಮೊಳೆ ಜೋಡಿಸಿದವನು. ಹರೆಯದಲ್ಲಿ ಬೆಟಗೇರಿಯ ಗರಡಿಯಲ್ಲಿ ಸಾಮು ಮಾಡಿದವನು. ಜಾತ್ರೆಯ ಹಂಗಾಮು ಬಂತೆಂದರೆ ಕುಸ್ತಿ ಪೋಸ್ಟರುಗಳ ಕೆಲಸ ನನಗೇ ಬರುತ್ತಿತ್ತು. ‘ಜಂಗೀ ನಿಕಾಲಿ ಕುಸ್ತಿಗಳು’ ಎಂಬ ಸಾಲನ್ನು ದೊಡ್ಡ ಮರದ ಮೊಳೆಯಲ್ಲಿ ಎಷ್ಟು ಸಲ ಕೂರಿಸಿದ್ದೇನೋ ಲೆಕ್ಕವಿಲ್ಲ. ಎಂಬತ್ತರ ದಶಕದ ಒಂದು ಬೇಸಿಗೆ, ರೋಣದ ಕಡೆಯ ಒಂದು ಊರಿನ ಹಿರಿಯರು ಪೋಸ್ಟರಿನ ಮಜಕೂರು ಬರೆದುಕೊಟ್ಟು ಹೋದರು. ಮೊದಲ ಜೋಡಿಯ ಪೈಲ್ವಾನರು ಆರು ವರ್ಷದಿಂದ ಬೆನ್ನು ಮಣ್ಣಿಗೆ ತಾಗಿಸಿರಲಿಲ್ಲ. ಅವರ ಹೆಸರಿನ ಹಿಂದೆ ನಾನೇ ಮುಂದಾಗಿ ‘ಅಜೇಯ’ ಸೇರಿಸಿದ್ದೆ. ಕಣ್ಣಿಗೆ ಹೊಡೆಯುವ ಪದ, ಸಾಲಿಗೂ ಸರಿಯಾಗಿ ಹಿಡಿಸುತ್ತಿತ್ತು.

ಸಂಜೆ ಆ ಪೈಲ್ವಾನರೇ ಬಂದರು. ಸೈಕಲ್ಲನ್ನು ಗೋಡೆಗೆ ಆನಿಸಿ ಒಳಗೆ ಬಂದು, ಮಸಿ ಆರದ ಪ್ರೂಫನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು. ಕಿವಿಗಳು ಮುದ್ದೆಯಾಗಿದ್ದವು. ಬಲಗೈಯ ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಓದಿ ಮುಗಿಸಿ ಹೇಳಿದರು: “ನಾ ಇನ್ನೂ ಬಿದ್ದಿಲ್ಲ ಅಂತ ಹಾಕ್ರಿ. ಬೀಳಾಂಗಿಲ್ಲ ಅಂತ ಹಾಕಬ್ಯಾಡ್ರಿ. ಹಂಗ ಹಾಕಿದ್ರ ನನ್ನ ಜೋಡಿ ಕಣಕ್ಕ ಇಳಿಯೂ ಹುಡುಗನ ಮಾನ ಏನಾತು?”

ನಾನು ಬಿಗಿದ ಪುಟ ಸಡಿಲಿಸಿ ಆ ಮೂರು ಮೊಳೆ ತೆಗೆದು ‘ಅಪರಾಜಿತ’ ಕೂರಿಸಿದೆ. ಅದು ಐದಕ್ಷರ. ಸಾಲು ಹಿಡಿಸದೆ ಊರಿನ ಹೆಸರನ್ನು ಕೆಳಗೆ ಇಳಿಸಬೇಕಾಯಿತು. ಅಜೇಯ ಎಂದರೆ ಯಾರಿಂದಲೂ ಗೆಲ್ಲಲಾಗದವನು. ಅಪರಾಜಿತ ಎಂದರೆ ಸೋಲದೆ ಉಳಿದವನು, ಇಷ್ಟೇ. ಮೂವತ್ತು ವರ್ಷ ಅಕ್ಷರದ ನಡುವೆ ಬದುಕಿದ ನನಗೆ ಈ ಭೇದ ತಿಳಿಸಿಕೊಟ್ಟವರು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಆ ಮನುಷ್ಯ. ಮರುವರ್ಷ ಲಕ್ಷ್ಮೇಶ್ವರದ ಕಡೆಯ ಕಣವೊಂದರಲ್ಲಿ ಅವರು ಚಿತ್ ಆದರು.

ಈಗ ಮಾರ್ಸಿಯಾನೊ ವಿಷಯ. ಧಾರವಾಡದ ಓದುಗರಿಗೆ ನಾನು ಹೇಳಬೇಕಾದದ್ದು: ಅವನನ್ನು ಸೋಲಿಸಬಹುದಿತ್ತು. ಸೋಲಿನ ಹೊಸ್ತಿಲಿಗೆ ಅವನು ಒಂದು ಸಲವಲ್ಲ, ನಾಲ್ಕು ಸಲ ಹೋಗಿ ಬಂದಿದ್ದಾನೆ. 1950ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೋಲಂಡ್ ಲಾಸ್ಟಾರ್ಜಾ ಎದುರಾದ. ಇಬ್ಬರೂ ಅಲ್ಲಿಯವರೆಗೆ ಸೋಲು ಕಂಡವರಲ್ಲ. ತೀರ್ಪುಗಾರರಲ್ಲಿ ಒಬ್ಬ ಇವನ ಕಡೆ, ಒಬ್ಬ ಅವನ ಕಡೆ. ರೆಫರಿಯ ಚೀಟಿಯಲ್ಲಿ ಸುತ್ತುಗಳು ಸಮಸಮ. ಕೊನೆಗೆ ಹೆಚ್ಚುವರಿ ಅಂಕ ಎಣಿಸಿ ಮಾರ್ಸಿಯಾನೊಗೆ ಕೊಟ್ಟರು. ಅಂದು ಒಂದು ಸುತ್ತು ಆಚೀಚೆ ಬರೆದಿದ್ದರೆ ಈ 49 ಎಂಬ ಸಂಖ್ಯೆಯೇ ಇರುತ್ತಿರಲಿಲ್ಲ.

1952ರ ಸೆಪ್ಟೆಂಬರ್ 23, ಫಿಲಡೆಲ್ಫಿಯಾ. ಜರ್ಸಿ ಜೋ ವಾಲ್ಕಾಟ್ ಚಾಂಪಿಯನ್. ಮೊದಲ ಸುತ್ತಿನಲ್ಲೇ ಮಾರ್ಸಿಯಾನೊ ನೆಲಕ್ಕೆ ಬಿದ್ದ. ವೃತ್ತಿಯಲ್ಲಿ ಅವನು ಬಿದ್ದದ್ದು ಅದೇ ಮೊದಲು. ಹನ್ನೆರಡು ಸುತ್ತು ಮುಗಿದಾಗ ಮೂರೂ ಚೀಟಿಯಲ್ಲಿ ವಾಲ್ಕಾಟ್ ಮುಂದಿದ್ದ. ಹದಿನೈದು ಸುತ್ತಿನ ಪಂದ್ಯ, ಉಳಿದದ್ದು ಮೂರು. ಹದಿಮೂರನೆಯದು ಶುರುವಾಗಿ ನಿಮಿಷ ತುಂಬುವ ಮೊದಲೇ ಹಗ್ಗದ ಹತ್ತಿರ ಮಾರ್ಸಿಯಾನೊನ ಬಲಗೈ ದವಡೆಗೆ ಬಿತ್ತು. ಆ ಏಟು ದೂರದಿಂದ ಬೀಸಿ ಬಂದದ್ದಲ್ಲ, ಒಂದು ಗೇಣಿನಷ್ಟು ಜಾಗದಲ್ಲಿ ಹೊಡೆದದ್ದು. ವಾಲ್ಕಾಟ್‌ನ ತೋಳು ಹಗ್ಗಕ್ಕೆ ಸಿಕ್ಕಿಕೊಂಡು, ಮೈ ನಿಧಾನ ಕೆಳಗಿಳಿಯಿತು.

ಎಲ್ಲಕ್ಕಿಂತ ಹತ್ತಿರದ್ದು 1954ರ ಸೆಪ್ಟೆಂಬರ್ 17. ಎಝರ್ಡ್ ಚಾರ್ಲ್ಸ್ ಅದೇ ಜೂನ್‌ನಲ್ಲಿ ಅವನ ಎದುರು ಪೂರ್ತಿ ಹದಿನೈದು ಸುತ್ತು ನಿಂತಿದ್ದ. ಹಾಗೆ ನಿಂತವನು ಅವನೊಬ್ಬನೇ. ಎರಡನೆಯ ಪಂದ್ಯದ ಆರನೆಯ ಸುತ್ತಿನಲ್ಲಿ ಮಾರ್ಸಿಯಾನೊನ ಮೂಗಿನ ಹೊಳ್ಳೆ ಸೀಳಿತು. ಮೂಲೆಯಲ್ಲಿದ್ದವರಿಗೆ ರಕ್ತ ನಿಲ್ಲಿಸಲು ಆಗಲಿಲ್ಲ. ಗರಡಿಯಲ್ಲಿ ಮೊಣಕೈ ತಾಗಿ ನನ್ನ ಮೂಗು ಒಮ್ಮೆ ಒಡೆದಿತ್ತು. ಅದು ನೋವಿಗಿಂತ ಉಸಿರಿನ ಸಂಗತಿ. ಬಾಯಿಂದ ಎಳೆದುಕೊಂಡ ಗಾಳಿಯ ಜೊತೆಗೆ ರಕ್ತವೂ ಗಂಟಲಿಗೆ ಇಳಿಯುತ್ತದೆ, ಉಪ್ಪುಪ್ಪಾಗಿ, ಬೆಚ್ಚಗೆ. ತೋಳಿನ ಬಲ ಹೋಗುವುದು ಅಲ್ಲಿಂದ. ನಾನು ಎರಡು ನಿಮಿಷಕ್ಕೆ ಕೈ ಎತ್ತಿದೆ. ಪಂದ್ಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು, ನಿಂತರೆ ಪಟ್ಟ ಹೋಗುತ್ತದೆ ಎಂಬ ಸ್ಥಿತಿಯಲ್ಲಿ ಈತ ಏಳನೆಯ ಸುತ್ತು ಹೊಡೆದಾಡಿ, ಎಂಟನೆಯದರಲ್ಲಿ ಚಾರ್ಲ್ಸ್‌ನನ್ನು ಮಲಗಿಸಿದ. ಮರುವರ್ಷ ಸೆಪ್ಟೆಂಬರ್ 21ರಂದು ಆರ್ಚಿ ಮೂರ್ ಎರಡನೆಯ ಸುತ್ತಿನಲ್ಲಿ ಅವನನ್ನು ಕೆಡವಿದ, ಒಂಬತ್ತನೆಯದರಲ್ಲಿ ತಾನೇ ಬಿದ್ದು ಹತ್ತರ ಎಣಿಕೆ ಕೇಳಿಸಿಕೊಂಡ. ಅದೇ ಮಾರ್ಸಿಯಾನೊನ ಕಡೆಯ ಪಂದ್ಯ.

ಅಮೆಚೂರ್ ದಿನಗಳಲ್ಲಿ ಅವನು ಸೋತದ್ದೂ ಇದೆ. 1948ರಲ್ಲಿ ಕೋಲಿ ವ್ಯಾಲೇಸ್ ಎಂಬಾತ ಸೋಲಿಸಿದ್ದ. ಹಾಗಾಗಿ ‘ಹುಟ್ಟಿರಲೇ ಇಲ್ಲ’ ಎಂಬ ಮಾತು ನಿಲ್ಲುವುದಿಲ್ಲ.

ಹುಬ್ಬಳ್ಳಿಯ ಓದುಗರ ಮಾತಿನಲ್ಲಿ ಅರ್ಧ ನನಗೆ ಒಪ್ಪಿಗೆ. ಮಾರ್ಸಿಯಾನೊ ಕಣಕ್ಕಿಳಿಯುತ್ತಿದ್ದದ್ದು ಸುಮಾರು 85 ಕಿಲೊ ತೂಕದಲ್ಲಿ. ಇಂದಿನ ಲೆಕ್ಕದಲ್ಲಿ ಅದು ಹೆವಿವೇಟೇ ಅಲ್ಲ. ತೋಳಳತೆ 68 ಇಂಚು, ಅವನ ನಂತರ ಬಂದ ಸೋನಿ ಲಿಸ್ಟನ್‌ದು 84. 1966ರ ಅಲಿ, ಆ ಕಾಲಿನ ಚುರುಕಿನ ಅಲಿ, ಅಂಕದ ಮೇಲೆ ಇವನನ್ನು ಸೋಲಿಸುತ್ತಿದ್ದ ಎಂದೇ ನನ್ನ ನಂಬಿಕೆ. ಆದರೆ ಐದು ಸುತ್ತಿನಲ್ಲಿ ಅಲ್ಲ. ಹದಿನೈದೂ ಸುತ್ತು ಅಲಿಯ ಪಕ್ಕೆಲುಬು, ತೋಳು ಹಣ್ಣಾಗುತ್ತಿದ್ದವು.

ಮುದುಕರನ್ನು ಹೊಡೆದು ದೊಡ್ಡವನಾದ ಎಂದು ಅವರು ಬರೆದದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಿಂದಿನ ಚಾಂಪಿಯನ್ ಜೋ ಲೂಯಿಸ್‌ಗೆ 37 ಆಗಿತ್ತು, ನಿಜ. 1951ರ ಆ ರಾತ್ರಿ ಗೆದ್ದ ಮೇಲೆ ಮಾರ್ಸಿಯಾನೊ ಲೂಯಿಸ್‌ನ ಕೋಣೆಗೆ ಹೋಗಿ ಅತ್ತ. ತಾನು ಗೆದ್ದದ್ದು ಯಾರನ್ನು, ಯಾವ ವಯಸ್ಸಿನಲ್ಲಿ ಎಂಬುದು ನಮಗಿಂತ ಮೊದಲು ಅವನಿಗೆ ಗೊತ್ತಿತ್ತು. ಆದರೆ ವಾಲ್ಕಾಟ್ 38ಕ್ಕೂ ಚಾಂಪಿಯನ್ ಆಗಿಯೇ ಕುಳಿತಿದ್ದ. ಮೂರ್ ಕೆಳಗಿನ ತೂಕದ ಪಟ್ಟ ಹೊತ್ತೇ ಬಂದವನು. ಆ ಹೊತ್ತಿಗೆ ಕಣದಲ್ಲಿ ಇದ್ದವರನ್ನಲ್ಲದೆ ಇನ್ನು ಯಾರನ್ನು ಕರೆಯಬೇಕಿತ್ತು?

ಹಾವೇರಿಯ ಕಡೆ ನನ್ನ ಬೀಗರಿದ್ದಾರೆ. ದೀಪಾವಳಿ ಮುಗಿದು ಹೋರಿ ಬೆದರಿಸುವ ದಿನ ಬಂತೆಂದರೆ ಅಲ್ಲೂ ಇದೇ ವಾದ. ಕೊಬ್ಬರಿ ಸರ ಯಾರ ಕೈಗೂ ಕೊಡದೆ ಓಡಿದ ಹೋರಿ ಸತ್ತು ಹದಿನೈದು ವರ್ಷವಾಗಿದೆ. ಈಗಿನ ಹುಡುಗರು ಅದನ್ನು ಹಿಡಿಯುತ್ತಿದ್ದರೇ ಎಂದು ಕಟ್ಟೆಯ ಮೇಲೆ ಶುರುವಾದರೆ ಊಟಕ್ಕೆ ಕರೆದರೂ ಏಳುವುದಿಲ್ಲ. ಮನುಷ್ಯರಿಗೆ ಈ ವಾದ ಬೇಕು. ನನಗೂ ಬೇಕು.

ಅಮೆರಿಕದಲ್ಲಿ ಇದನ್ನು ಕಂಪ್ಯೂಟರಿಗೂ ಕೇಳಿ ನೋಡಿದರು. 1969ರಲ್ಲಿ ನಿವೃತ್ತ ಮಾರ್ಸಿಯಾನೊ, ನಿಷೇಧಕ್ಕೊಳಗಾಗಿದ್ದ ಅಲಿ ಇಬ್ಬರನ್ನೂ ಕ್ಯಾಮೆರಾ ಮುಂದೆ ನಿಲ್ಲಿಸಿ ಹಲವು ಬಗೆಯ ಕೊನೆಗಳನ್ನು ಚಿತ್ರಿಸಿಕೊಂಡರು. 1970ರ ಜನವರಿಯಲ್ಲಿ ಅಮೆರಿಕದವರು ನೋಡಿದ್ದರಲ್ಲಿ ಹದಿಮೂರನೆಯ ಸುತ್ತಿಗೆ ಮಾರ್ಸಿಯಾನೊ ಗೆದ್ದ. ಯುರೋಪಿನವರು ನೋಡಿದ್ದರಲ್ಲಿ ಅಲಿ ಗೆದ್ದ. ಎರಡನ್ನೂ ನೋಡಲು ಮಾರ್ಸಿಯಾನೊ ಇರಲಿಲ್ಲ. 1969ರ ಆಗಸ್ಟ್ 31ರಂದು, 46 ತುಂಬುವ ಹಿಂದಿನ ದಿನ, ಅಯೋವಾದಲ್ಲಿ ವಿಮಾನ ಬಿದ್ದು ಹೋಗಿಬಿಟ್ಟಿದ್ದ.

ಇಷ್ಟು ಬರೆಯಲು ಇನ್ನೊಂದು ಕಾರಣವಿದೆ. ನಮ್ಮ ಓಣಿಯ ಒಬ್ಬ ಹುಡುಗ, ಹದಿನಾರರವನು, ಕುಸ್ತಿಯಲ್ಲಿ ಹನ್ನೊಂದು ಜೋಡಿ ಗೆದ್ದಿದ್ದಾನೆ. ಅವನ ಫೋಟೊ ಹಾಕಿ ‘ಅಜೇಯ’ ಎಂದು ಬ್ಯಾನರ್ ಕಟ್ಟಿದರು. ಹೋದ ತಿಂಗಳು ಒಳ್ಳೆಯ ಜೋಡಿ ಸಿಕ್ಕಿತ್ತು, ಬೆಳಗಾವಿ ಕಡೆಯ ಹುಡುಗ, ಇವನಿಗಿಂತ ಒಂದು ಕೈ ಮೇಲು. ಕಲಿಸುವವರು ಭುಜ ನೋವೆಂದು ಹೇಳಿ ಇವನನ್ನು ಇಳಿಸಲೇ ಇಲ್ಲ. ಭುಜಕ್ಕೆ ಏನೂ ಆಗಿರಲಿಲ್ಲ. ಕಣದ ಅಂಚಿನಲ್ಲಿ ಲಂಗೋಟಿ ಕಟ್ಟಿಕೊಂಡೇ ಕೂತು, ಬೊಗಸೆ ಮಣ್ಣು ತೆಗೆದುಕೊಂಡು ಬೆರಳಿನ ಸಂದಿಯಿಂದ ಸುರಿಯುತ್ತಿದ್ದ. ಮತ್ತೆ ತುಂಬಿಕೊಳ್ಳುತ್ತಿದ್ದ. ಹಲಗೆ ಬಾರಿಸುವುದು ನಿಲ್ಲುವವರೆಗೂ ಹಾಗೇ ಕೂತಿದ್ದ.

ಮುಂದೆ ಹೆವಿವೇಟ್ ಚಾಂಪಿಯನ್ ಆದ ಲ್ಯಾರಿ ಹೋಮ್ಸ್ ಒಂದೂ ಸೋಲದೆ 48 ಗೆದ್ದು, ಮಾರ್ಸಿಯಾನೊಗೆ ಸರಿಗಟ್ಟಲು ಒಂದೇ ಉಳಿದಿದ್ದಾಗ ಮೈಕಲ್ ಸ್ಪಿಂಕ್ಸ್ ಎದುರು ಸೋತ. ಅದು 1985ರ ಸೆಪ್ಟೆಂಬರ್ 21. ಮೂರ್ ಪಂದ್ಯಕ್ಕೆ ಸರಿಯಾಗಿ ಮೂವತ್ತು ವರ್ಷ. ಆದರೆ ಹೋಮ್ಸ್ ಕಣಕ್ಕೆ ಇಳಿದಿದ್ದ.

ನಮ್ಮ ಓಣಿಯ ಹುಡುಗನ ಹೆಸರು ಮುಂದಿನ ಜಾತ್ರೆಯ ಹೊತ್ತಿಗೆ ನಿಮ್ಮ ಜಿಲ್ಲಾ ಪುಟದಲ್ಲಿ ಬರಬಹುದು. ಬಂದರೆ ದಯವಿಟ್ಟು ಆ ಮೂರಕ್ಷರ ಹಾಕಬೇಡಿ. ಎಷ್ಟು ಗೆದ್ದ ಎಂಬುದರ ಜೊತೆಗೆ ಯಾರ ಜೋಡಿ ಎಂಬುದನ್ನೂ ಅಚ್ಚು ಮಾಡಿ.

ನಿವೃತ್ತ ಕಂಪೋಜಿಟರ್,
ಬೆಟಗೇರಿ, ಗದಗ