ಜಿಲ್ಲಾಧಿಕಾರಿಗಳೇ, ಚೀಟಿ ಕಳೆದ್ರ ನಮ್ಮ ರೊಕ್ಕ ಅಂಗಡಿಯವರದು ಆಗ್ತದೇನ್ರಿ?

ಮಾನ್ಯ ಕಲಬುರಗಿ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ್ರಿ. ನಿಮ್ಮ ಟೇಬಲ್ ಮ್ಯಾಲ ಬೆಳಿ ಪರಿಹಾರ, ಕುಡಿಯೋ ನೀರು ಇಂಥ ದೊಡ್ಡ ದೊಡ್ಡ ಫೈಲ್ ಇರ್ತಾವ ಅಂತ ಗೊತ್ತದ, ಅದಕ್ಕ ಇಷ್ಟು ದಿನ ಬಾಯಿ ಮುಚ್ಕೊಂಡು ಇದ್ದೆ. ಆದ್ರ ಹೋದ ವಾರ ನಮ್ಮ ಓಣ್ಯಾಗಿನ ಟೇಲರ್ ಒಬ್ಬರಿಗೂ ಬ್ಯಾರೆ ಅಂಗಡ್ಯಾಗ ಇದೇ ಗತಿ ಆಗ್ಯಾದ ಅಂತ ಕೇಳಿದ ಮ್ಯಾಲ ಇನ್ನ ಸುಮ್ಮನ ಕೂಡೋಕ ಆಗ್ಲಿಲ್ಲ. ಬಟ್ಟಿ ಅಂಗಡಿ, ಚಪ್ಪಲ್ ಅಂಗಡಿ, ಮಿಕ್ಸರ್ ಫ್ಯಾನ್ ಮಾರೋ ಅಂಗಡಿ, ಎಲ್ಲಾ ಕಡಿ ವಾಪಸ್ ತಂದ ಸಾಮಾನಿಗೆ ರೊಕ್ಕ ಕೊಡಲಾರ್ದ ಕ್ರೆಡಿಟ್ ನೋಟ್ ಅಂತ ಒಂದು ಸಣ್ಣ ಚೀಟಿ ಕೈಯಾಗ ಇಟ್ಟು ಕಳಸ್ತಾರಲ್ಲ, ಆ ಚೀಟಿ ಕಳೀತು ಅಂದ್ರ ನಿಮ್ಮ ರೊಕ್ಕನೂ ಹೋಯ್ತು ಅಂತಾರ, ಅದರ ಬಗ್ಗೆನೇ ಈ ಪತ್ರ.

ನಮ್ದು ಜೇವರ್ಗಿ ಕಡಿ ಊರು, ನಾನು ಕಲಬುರಗ್ಯಾಗ ಪ್ರೈವೇಟ್ ಕೆಲಸ ಮಾಡ್ತೀನಿ. ತಂಗಿ ಮದುವಿಗೆ ಅಂತ ತೊಗರಿ ಮಾರಿ ಬಂದ ರೊಕ್ಕದಾಗ ಅವ್ವ, ತಂಗಿ, ನಾನು ಸೂಪರ್ ಮಾರ್ಕೆಟ್ ಕಡಿ ಒಂದು ದೊಡ್ಡ ಅಂಗಡ್ಯಾಗ ಬಟ್ಟಿ ತಗೊಂಡ್ವಿ. ಅದರಾಗ ಬೀಗಿತ್ತಿಗೆ ಅಂತ ತಗೊಂಡ ಒಂದು ಸೀರಿ 4,600 ರೂಪಾಯಿದು. ಮನಿಗೆ ಹೋಗಿ ಮಡಿಕಿ ಬಿಚ್ಚಿದ್ರ ಸೆರಗಿನ ಜರಿ ಗೇಣುದ್ದ ಕಿತ್ತದ. ಮರುದಿನಾನೇ ಬಿಲ್ ಸಮೇತ ವಾಪಸ್ ಒಯ್ದ್ವಿ. ಪೀಸ್ ಡ್ಯಾಮೇಜ್ ಅದ ಅಂತ ಅವರೇ ಒಪ್ಪಿದ್ರು, ಸೀರಿ ಒಳಗ ತಗೊಂಡ್ರು, ರೊಕ್ಕ ಕೇಳಿದ್ರ ಮಾತ್ರ ನಮ್ಮ ಪಾಲಿಸಿ ಇಲ್ರಿ ಅಂದ್ರು. ಕೊಟ್ಟಿದ್ದು ಚೀಟಿ. ಬಸ್ ಟಿಕೆಟ್ ಥರದ ಕಾಗದ, ಎಲ್ಲಾ ಇಂಗ್ಲಿಷ್‌ನಾಗ, 90 ದಿನದ ಒಳಗ ಇದೇ ಅಂಗಡ್ಯಾಗ ಖರೀದಿ ಮಾಡಬೇಕು ಅಂತ ಕೆಳಗ ಸಣ್ಣ ಅಕ್ಷರ. ಅವತ್ತ ನಮಗ ಬೇಕಾದ ಸೀರಿ ಅಲ್ಲಿ ಇರ್ಲಿಲ್ಲ, ಹೊಸ ಸ್ಟಾಕ್ ಬಂದ ಮ್ಯಾಲ ಬರ್ರಿ ಅಂದ್ರು. ಬೀಗಿತ್ತಿ ಸೀರಿಗೆ ಮತ್ತ ಕೈಯಿಂದ ರೊಕ್ಕ ಹಾಕಿ ಬ್ಯಾರೆ ಕಡಿ ತಗೊಂಡ್ವಿ.

ಮದುವಿ ಮನಿ, ಮೇ ತಿಂಗಳ ಬಿಸಿಲು, ಮನಿ ತುಂಬ ಮಂದಿ, ಸಾಮಾನು ಊರಿಂದ ಇಲ್ಲಿಗೆ ಇಲ್ಲಿಂದ ಊರಿಗೆ ಅಡ್ಡಾಡೋದ್ರಾಗ ಆ ಚೀಟಿ ಕಳೀತು. ಕಳೆದದ್ದು ಚೀಟಿ ಅಷ್ಟೇ. ಮೂಲ ಬಿಲ್ ನನ್ನ ಹತ್ರ ಅದ, ಫೋನ್‌ಪೇ ಮಾಡಿದ ಮೆಸೇಜ್ ಅದ, ಬ್ಯಾಂಕ್ ಸ್ಟೇಟ್‌ಮೆಂಟ್ ಅದ, ಬಿಲ್ ಮಾಡುವಾಗ ಅವರೇ ಕೇಳಿ ಬರ್ಕೊಂಡ ನನ್ನ ಮೊಬೈಲ್ ನಂಬರ್ ಅದ. ಇಷ್ಟೆಲ್ಲಾ ತಗೊಂಡು ಅವ್ವನ ಜೋಡಿ ಹೋದೆ. ಕೌಂಟರ್‌ನಾಗಿನ ಹುಡುಗ ಪಾಪ ನನ್ನ ನಂಬರ್ ಹಾಕಿ ನೋಡ್ದ, ಸ್ಕ್ರೀನ್ ನನ್ನ ಕಡಿನೇ ಇತ್ತು, ನನ್ನ ಹೆಸರು, 4,600, ಇನ್ನೂ ಬಳಸಿಲ್ಲ ಅಂತ ಸಾಫ್ ಸಾಫ್ ಕಾಣಸ್ತು. ಅಷ್ಟೊತ್ತಿಗೆ ಮ್ಯಾನೇಜರ್ ಬಂದು ಸ್ಕ್ರೀನ್ ತಿರುಗಿಸಿ, ಚೀಟಿ ಇಲ್ಲಂದ್ರ ಏನೂ ಇಲ್ಲ ಅಂದ. ನಾನು ಮಾತಾಡ್ಲಿಕ್ಕತ್ತಿದ್ದೆ, ಅವ ನನ್ನ ಬಿಟ್ಟು ಅವ್ವನ ಕಡಿ ನೋಡಿ, ಅಮ್ಮ ಚೀಟಿ ಯಾರಿಗಾದ್ರೂ ಮಾರೀರೇನು, ಈಗ ಮತ್ತ ಇಲ್ಲಿ ಬಂದು ಎರಡನೇ ಸಲ ರೊಕ್ಕ ಕೇಳ್ತೀರೇನು ಅಂದ. ಸುತ್ತ ಗಿರಾಕಿ ನಿಂತಿದ್ರು. ಇಬ್ಬರು ನಕ್ಕರು. ನಮ್ಮವ್ವ ಜೀವನದಾಗ ಒಬ್ಬರದು ಒಂದು ರೂಪಾಯಿ ಇಟ್ಕೊಂಡಾಕಿ ಅಲ್ಲ. ಅಂಥಾಕಿಗೆ, ತನ್ನ ರೊಕ್ಕ ತಾನು ಕೇಳ್ಲಿಕ್ಕೆ ಬಂದಾಕಿಗೆ, ನಾಕು ಮಂದಿ ಮುಂದ ಕಳ್ಳಿ ಅಂದ್ಹಂಗ ಆಯ್ತಲ್ರಿ. ಮನಿಗೆ ಬರೋ ತನಕ ಆಕಿ ಒಂದು ಮಾತು ಆಡ್ಲಿಲ್ಲ, ಈಗೂ ಆ ರಸ್ತೆದಾಗ ಹೋಗೋದು ಬ್ಯಾಡ ಅಂತಾಳ. 4,600 ಹೋದದ್ದಕ್ಕಿಂತ ಇದು ನನಗ ಹೆಚ್ಚು ಸಿಟ್ಟು ತರಸ್ಯಾದ, ಇದನ್ನ ಬರೀವಾಗೂ ಕೈ ನಡಗ್ತದ.

ಆಮ್ಯಾಲ ಓನರ್ ಬರ್ಲಿ, ಅಕೌಂಟೆಂಟ್ ಬರ್ಲಿ, ಹಬ್ಬ ಮುಗೀಲಿ ಅಂತ ಅಡ್ಡಾಡಿಸಿದ್ರು. ಅಡ್ಡಾಡಿಸಿ ಅಡ್ಡಾಡಿಸಿ 90 ದಿನ ಮುಗಿದ ಮ್ಯಾಲ ಈಗ ಚೀಟಿ ಸಿಕ್ಕಿದ್ರೂ ಎಕ್ಸ್‌ಪೈರ್ ಆಗ್ಯಾದ್ರಿ ಅಂತಾರ. ದಸರಾಕ್ಕ ಅದೇ ಅಂಗಡಿಯಿಂದ ಅದೇ ನನ್ನ ನಂಬರಿಗೆ ಆಫರ್ ಮೆಸೇಜ್ ಬಂತು, ಹೆಸರು ಹಿಡಿದು, ಬರ್ರಿ ಅಂತ. ಮಾರೋದಕ್ಕ ನಾನು ಯಾರು ಅಂತ ಅವರ ಕಂಪ್ಯೂಟರಿಗೆ ಗೊತ್ತಾಗ್ತದ, ಕೊಡೋದಕ್ಕ ಗೊತ್ತಾಗಂಗಿಲ್ಲ. ಇದು ಮೋಸ ಅಲ್ಲದ ಮತ್ತೇನ್ರಿ?

ಕಾನೂನು ನಿಮಗ ನಾನು ಹೇಳೋದು ಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈನಿಂದ ಜಾರಿಯಾಗ ಅದ. ಅದರ 2(47)ನೇ ಸೆಕ್ಷನ್‌ನಾಗ ದೋಷ ಇರೋ ಸಾಮಾನು ವಾಪಸ್ ತಗೊಂಡು ರೊಕ್ಕ ಕೊಡ್ಲಿಕ್ಕೆ ಒಲ್ಲೆ ಅನ್ನೋದನ್ನ ಅನುಚಿತ ವ್ಯಾಪಾರ ಪದ್ಧತಿ ಅಂತಾನೇ ಬರದಾರ, ಬಿಲ್‌ನಾಗ ಹೇಳಿದ ಅವಧಿ ಒಳಗ, ಅವಧಿ ಹೇಳಿಲ್ಲಂದ್ರ 30 ದಿನದ ಒಳಗ ರೊಕ್ಕ ವಾಪಸ್ ಕೊಡಬೇಕು. ಬಣ್ಣ ಮನಸಿಗೆ ಬರ್ಲಿಲ್ಲ ಅಂತ ವಾಪಸ್ ಒಯ್ದ್ರ ಅಂಗಡಿಯವರು ತಮ್ಮ ರೂಲ್ಸ್ ಹೇಳ್ಲಿ, ಆ ಮಾತು ಬ್ಯಾರೆ. ಹರಕ ಸೀರಿಗೆ ಚೀಟಿನೇ ತಗೋ ಅಂತ ಕಟ್ಟಿಹಾಕೋದು ಎಲ್ಲಿ ಬರದದ? ಅಂದ್ರ ಮೊದಲಿಗೇ ಆ ಚೀಟಿ ಕೊಡಬಾರದಿತ್ತು, ರೊಕ್ಕ ಕೊಡಬೇಕಿತ್ತು.

ಇನ್ನ ಚೀಟಿ ಕಳೆದ್ರ ಲೆಕ್ಕ ಎಲ್ಲಿಂದ ತರೋದು ಅನ್ನೋ ಮಾತು. ಸಾಮಾನು ವಾಪಸ್ ಬಂದಾಗ ಕ್ರೆಡಿಟ್ ನೋಟ್ ಕೊಡೋದು ಜಿಎಸ್‌ಟಿ ಕಾಯ್ದೆ 34ನೇ ಸೆಕ್ಷನ್‌ನಾಗ ಅದ, ಲೆಕ್ಕಪತ್ರ ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಇಟ್ಕೋಬೇಕು ಅಂತ ಅದೇ ಕಾಯ್ದೆ ಹೇಳ್ತದ. ಆರು ವರ್ಷ ಇರೋ ಲೆಕ್ಕ ನಮಗ ಮೂರು ತಿಂಗಳಿಗೆ ಮಾಯ ಹೆಂಗ ಆಗ್ತದ? ಬ್ಯಾಂಕ್ ಪಾಸ್‌ಬುಕ್ ಕಳೀತು ಅಂದ್ರ ಖಾತೆದಾಗಿನ ರೊಕ್ಕ ಬ್ಯಾಂಕಿಂದು ಆಗ್ತದೇನ್ರಿ, ಅರ್ಜಿ ಬರ್ಕೊಟ್ರ ಡುಪ್ಲಿಕೇಟ್ ಕೊಡ್ತಾರ. ಬ್ಯಾರೆಯವರು ಚೀಟಿ ತಂದ್ರ ಏನು ಮಾಡ್ಬೇಕು ಅಂತ ಮ್ಯಾನೇಜರ್ ಕೇಳ್ದ. ಹಳೇ ನಂಬರ್ ಕ್ಯಾನ್ಸಲ್ ಮಾಡಿ ಹೊಸ ನಂಬರ್ ಕೊಡ್ರಿ, ಮೊಬೈಲಿಗೆ ಒಟಿಪಿ ಕಳಸ್ರಿ, ಆಧಾರ್ ನೋಡ್ರಿ, ಬಿಲ್ ನೋಡ್ರಿ. ಒಂದು ನಿಮಿಷದ ಕೆಲಸ.

1915 ಗ್ರಾಹಕ ಸಹಾಯವಾಣಿ ಅದ, ಜಿಲ್ಲಾ ಗ್ರಾಹಕರ ಆಯೋಗ ಅದ, 5 ಲಕ್ಷದ ತನಕ ಫೀಸೂ ಇಲ್ಲ, ಎಲ್ಲಾ ಗೊತ್ತದ. ಆದ್ರ ಸಹಾಯವಾಣಿಯವರು ಅಂಗಡಿಗೆ ಹೇಳಬಹುದು, ಜಬರದಸ್ತಿ ಮಾಡೋಕ ಬರಂಗಿಲ್ಲ. ಆಯೋಗಕ್ಕ ಹೋದ್ರ ತಾರೀಖಿಗೊಮ್ಮೆ ರಜಾ ಹಾಕ್ಬೇಕು, ಒಂದು ರಜಾ ಹಾಕಿದ್ರ ನನಗ ಒಂದು ದಿನದ ಪಗಾರ ಇಲ್ಲ. ಆಳಂದ, ಅಫಜಲಪುರ, ಚಿತ್ತಾಪುರದಿಂದ ಸಂತಿಗೆ ಬಂದು ಸಾಮಾನು ಒಯ್ಯೋ ಮಂದಿ 800 ರೂಪಾಯಿ ಚೀಟಿಗೆ ಕೇಸ್ ಹಾಕ್ತಾರೇನು? ಹಾಕಂಗಿಲ್ಲ ಅಂತ ಅಂಗಡಿಯವರಿಗೆ ಗೊತ್ತದ, ಅದರ ಮ್ಯಾಲೇ ಈ ದಂಧೆ ನಡದದ.

ಅದಕ್ಕೇ ನಿಮಗ ಬರದೀನಿ. ಗ್ರಾಹಕ ಸಂರಕ್ಷಣಾ ಕಾಯ್ದೆಯ 16ನೇ ಸೆಕ್ಷನ್ ಜಿಲ್ಲಾಧಿಕಾರಿಗೆ ಅಧಿಕಾರ ಕೊಟ್ಟದ, ಗ್ರಾಹಕರ ಒಂದು ವರ್ಗಕ್ಕೇ ಅನ್ಯಾಯ ಆಗ್ಲಿಕ್ಕತ್ತದ ಅಂತ ದೂರು ಬಂದ್ರ ವಿಚಾರಣೆ ಮಾಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕ ವರದಿ ಕಳಿಸ್ಲಿಕ್ಕೆ. ಇದನ್ನೇ ದೂರು ಅಂತ ತಗೋರಿ. ನಾನೊಬ್ಬನೇ ಅಲ್ಲ, ಟೇಲರ್ ಅದಾರ, ಕೇಳಿದ್ರ ಓಣಿಗೆ ಒಬ್ಬರು ಸಿಗ್ತಾರ. ವಿಚಾರಣೆ ಮಾಡ್ರಿ. ನಗರದ ದೊಡ್ಡ ಅಂಗಡಿಯವರನ್ನ ಕರಸಿ ಕೂಡಿಸಿ ಹೇಳ್ರಿ, ದೋಷ ಇದ್ದ ಸಾಮಾನಿಗೆ ರೊಕ್ಕ ವಾಪಸ್, ಗಿರಾಕಿ ಒಪ್ಪಿದ್ರ ಮಾತ್ರ ಚೀಟಿ, ಚೀಟಿ ಕಳೆದ್ರ ಲೆಕ್ಕ ನೋಡಿ ಡುಪ್ಲಿಕೇಟ್. ಚೀಟಿ ಕನ್ನಡದಾಗ ಇರ್ಲಿ, ನಮ್ಮವ್ವಗ ಓದೋಕ ಬರಂಗ. ಮತ್ತ ಹೇಳ್ತೀನಿ, ಚೀಟಿ ಕಳೆದ್ರ ಡುಪ್ಲಿಕೇಟ್ ಕೊಡಬೇಕು, ಕೊಡಲಾರದವರ ಮ್ಯಾಲ ವರದಿ ಹೋಗಬೇಕು. ಇದು ಭಿಕ್ಷೆ ಅಲ್ರಿ, ನಮ್ಮ ರೊಕ್ಕ.

ಬಿಲ್, ಫೋನ್‌ಪೇ ಮೆಸೇಜ್, ದಸರಾದ ಆಫರ್ ಮೆಸೇಜ್, ಮೂರರದೂ ಝೆರಾಕ್ಸ್ ನಿಮ್ಮ ಕಚೇರಿಗೆ ಕೊಡೋ ಪ್ರತಿಗೆ ಹಚ್ಚೀನಿ, ಅಂಗಡಿ ಹೆಸರು ಅದರಾಗ ಅದ. ವಿಚಾರಣೆ ಯಾವ ದಿನ ಅಂತ ತಿಳಿಸಿದ್ರ ರಜಾ ಹಾಕಿ ಅವ್ವನ್ನ ಕರ್ಕೊಂಡು ಬರ್ತೀನಿ. ಆ ಮ್ಯಾನೇಜರನ್ನೂ ಅವತ್ತೇ ಕರಸ್ರಿ.

ಇಂತಿ,
ಕಲಬುರಗಿಯ ಒಬ್ಬ ಗ್ರಾಹಕ