ಏಳು ತಿಂಗಳ ಮಗುವಿಗೆ ಮೇಲಿನ ಬರ್ತ್: ಬೆಂಗಳೂರು–ಶಿರಸಿ ರಾತ್ರಿ ಬಸ್ಸಿನ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕರ ದೂರು ವಿಭಾಗ,
ಬೆಂಗಳೂರು

ವಿಷಯ: ಬುಕ್ ಮಾಡಿದ ಕೆಳಗಿನ ಬರ್ತ್ ಕೊಡದೆ, ಮಗು ಇದ್ದರೂ ಮೇಲಿನ ಕೊನೆಯ ಬರ್ತ್ ಕೊಟ್ಟಿದ್ದು, ತುರ್ತು ಬಾಗಿಲಿಗೆ ಅಡ್ಡವಾಗಿ ಪಾರ್ಸೆಲ್ ಇಟ್ಟಿದ್ದು ಮತ್ತು ತಡವಾಗಿ ತಲುಪಿಸಿದ್ದು.

ಮಾನ್ಯರೇ,

ಕಳೆದ ಶುಕ್ರವಾರ ರಾತ್ರಿ ನಾನು, ನನ್ನ ಅಮ್ಮ ಮತ್ತು ನನ್ನ ಏಳು ತಿಂಗಳ ಮಗಳು ನಿಮ್ಮ ಎಸಿ ಸ್ಲೀಪರ್ ಬಸ್ಸಿನಲ್ಲಿ ಬೆಂಗಳೂರಿನಿಂದ ಶಿರಸಿಗೆ ಹೋದೆವು. ಶನಿವಾರ ಬೆಳಿಗ್ಗೆ ಊರಲ್ಲಿ ನನ್ನ ಅಜ್ಜನ ಸಹಸ್ರ ಚಂದ್ರ ದರ್ಶನ ಶಾಂತಿ ಇತ್ತು. ಸಾವಿರ ಹುಣ್ಣಿಮೆ ಕಾಣಲು ಸುಮಾರು 80 ವರ್ಷ 10 ತಿಂಗಳು ಬದುಕಿರಬೇಕು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಬಂದವರು ಅಜ್ಜ ಒಬ್ಬರೇ. ಮರಿಮಗಳನ್ನು ಮಡಿಲಲ್ಲಿ ಕೂರಿಸಿಕೊಂಡೇ ಮಣೆ ಮೇಲೆ ಕೂರಬೇಕೆಂದು ಅವರಿಗೆ ಆಸೆ ಇತ್ತು.

ಶಿರಸಿಗೆ ರೈಲಿಲ್ಲ. ತಾಳಗುಪ್ಪದಲ್ಲೋ ಹುಬ್ಬಳ್ಳಿಯಲ್ಲೋ ಇಳಿದು ಮತ್ತೆ ಬಸ್ಸು ಹಿಡಿಯಬೇಕು. ಕೈಕೂಸು, ಅದರ ಬ್ಯಾಗು, ಮಂಡಿ ನೋವಿನ ಅಮ್ಮ, ಇಷ್ಟನ್ನು ಕಟ್ಟಿಕೊಂಡು ಅದು ಆಗದ ಮಾತು. ಅದಕ್ಕೇ ಮೂರು ವಾರ ಮೊದಲೇ ನಿಮ್ಮಲ್ಲಿ ಬಸ್ಸಿನ ಮಧ್ಯದ ಕೆಳಗಿನ ಡಬಲ್ ಬರ್ತ್ ಬುಕ್ ಮಾಡಿದ್ದೆ. ಇಬ್ಬರಿಗೆ ಸೇರಿ 2300 ರೂಪಾಯಿ. ಆಮೇಲೆ ನಿಮ್ಮ ಕಾಲ್ ಸೆಂಟರಿಗೂ ಫೋನ್ ಮಾಡಿ ಮಗು ಇದೆ ಅಂತ ಹೇಳಿದೆ. 'ಲೋಯರ್ ಕನ್ಫರ್ಮ್ ಆಗಿದೆ ಮೇಡಂ, ಟೆನ್ಶನ್ ಬೇಡ' ಎಂದರು.

ಗೊರಗುಂಟೆಪಾಳ್ಯಕ್ಕೆ 9:40ಕ್ಕೆ ಬರಬೇಕಾದ ಬಸ್ಸು ಬಂದಿದ್ದು 11:20ಕ್ಕೆ. ಅದೂ ಬೇರೆ ಬಸ್ಸು. ನಮ್ಮ ಬರ್ತ್ ಬೇರೆಯವರಿಗೆ ಹೋಗಿತ್ತು. ನಮಗೆ ಸಿಕ್ಕಿದ್ದು ಕಟ್ಟ ಕಡೆಯ ಸಾಲಿನಲ್ಲಿ ಮೇಲಿನ ಬರ್ತ್. ಬಸ್ಸು ಬದಲಾಗಿದೆ ಎಂದು ಒಂದು ಮೆಸೇಜ್ ಕೂಡ ಬಂದಿರಲಿಲ್ಲ. ಕೇಳಿದರೆ ನಿಮ್ಮ ಸಿಬ್ಬಂದಿ ಹೇಳಿದ್ದು ಒಂದೇ ಮಾತು: 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ.'

ಅಮ್ಮನಿಗೆ ಏಣಿ ಹತ್ತಲು ಆಗಲಿಲ್ಲ. ಸಿದ್ದಾಪುರದ ಕಡೆಯ ಒಬ್ಬ ಹುಡುಗ, ಕಾಲೇಜು ಓದುವವನಿರಬೇಕು, ತನ್ನ ಕೆಳಗಿನ ಸಿಂಗಲ್ ಬರ್ತನ್ನು ಅಮ್ಮನಿಗೆ ಬಿಟ್ಟುಕೊಟ್ಟು ತಾನು ಮುಂದೆ ಕ್ಯಾಬಿನ್ನಿನಲ್ಲಿ ಕೂತ. ಆ ರಾತ್ರಿ ನಮ್ಮ ಕಷ್ಟ ಅರ್ಥ ಮಾಡಿಕೊಂಡವನು ಅವನೊಬ್ಬನೇ. ನಾನು ಮೇಲೆ ಹತ್ತಿದೆ. ಮಗುವನ್ನು ಕ್ಲೀನರ್ ಕೆಳಗಿನಿಂದ ಎತ್ತಿ ಕೊಟ್ಟ.

ಆ ಬರ್ತಿನ ಅಂಚಿನ ಕಂಬಿ ನಾಲ್ಕು ಬೆರಳು ಎತ್ತರ ಇರಬಹುದು, ಅಷ್ಟೇ. ನನ್ನ ಮಗಳು ಈಗ ಉರುಳಲು ಕಲಿತಿದ್ದಾಳೆ. ನಿದ್ದೆಯಲ್ಲೂ ಉರುಳುತ್ತಾಳೆ. ಹಿಂದಿನ ಚಕ್ರದ ಮೇಲೆಯೇ ಇದ್ದಿದ್ದರಿಂದ ಹಂಪ್ ಬಂದಾಗಲೆಲ್ಲ ಇಬ್ಬರೂ ಎಗರಿ ಬೀಳುತ್ತಿದ್ದೆವು. ತುಮಕೂರು ದಾಟಿದಾಗಿನಿಂದ ಹಾವೇರಿಯವರೆಗೆ ನಾನು ಮಲಗಲೇ ಇಲ್ಲ. ತೆರೆದ ಅಂಚಿಗೆ ನನ್ನ ಬೆನ್ನು ಕೊಟ್ಟು, ಅವಳನ್ನು ಗೋಡೆಯ ಕಡೆ ಹಾಕಿಕೊಂಡು ಕೂತೇ ಇದ್ದೆ. ಎಸಿ ಗಾಳಿ ಬರುವ ಜಾಗದ ಮುಚ್ಚಳ ಮುರಿದಿತ್ತು. ತಣ್ಣನೆ ಗಾಳಿ ಸೀದಾ ಅವಳ ತಲೆ ಮೇಲೆ. ದುಪಟ್ಟಾ ತುರುಕಿ ನೋಡಿದೆ, ನಿಲ್ಲಲಿಲ್ಲ. ಕಡಿಮೆ ಮಾಡಿ ಅಂತ ಎರಡು ಸಲ ಕೇಳಿದರೂ ಮುಂದಿನವರಿಗೆ ಸೆಕೆ ಆಗುತ್ತದೆ ಎಂಬ ಉತ್ತರ ಬಂತು. ಹಿರಿಯೂರಿನ ಹತ್ತಿರ ಅವಳು ವಾಂತಿ ಮಾಡಿಕೊಂಡಳು. ಬಟ್ಟೆ ಬದಲಿಸಲು ಐದು ನಿಮಿಷ ಲೈಟ್ ಹಾಕಿ ನಿಲ್ಲಿಸಿ ಅಂದರೆ, ಡಾಬಾ ಬಂದಾಗ ನಿಲ್ಲಿಸುತ್ತೇವೆ ಎಂದರು. ಮೊಬೈಲ್ ಬೆಳಕಿನಲ್ಲಿ ಒರೆಸಿದೆ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಹಿಂದಿನ ತುರ್ತು ಬಾಗಿಲಿಗೆ ಅಡ್ಡವಾಗಿ ಪಾರ್ಸೆಲ್ ಪೆಟ್ಟಿಗೆಗಳನ್ನು ಎದೆಮಟ್ಟಕ್ಕೆ ಜೋಡಿಸಿದ್ದರು. 2013ರ ನವೆಂಬರ್‌ನಲ್ಲಿ ಹಾವೇರಿ ಹತ್ತಿರ, ನಾವು ಹೋದ ಇದೇ ಹೆದ್ದಾರಿಯಲ್ಲಿ, ರಾತ್ರಿ ಬಸ್ಸಿಗೆ ಬೆಂಕಿ ಹತ್ತಿ 7 ಜನ ಸತ್ತರು. ಆ ಪೆಟ್ಟಿಗೆಗಳನ್ನು ನೋಡುತ್ತಾ ನನಗೆ ಅದೇ ನೆನಪು. ಏನಾದರೂ ಆದರೆ ಮಗುವನ್ನು ಎತ್ತಿಕೊಂಡು ಏಣಿ ಇಳಿದು ಎಲ್ಲಿಂದ ಹೊರಗೆ ಹೋಗಲಿ? ಬಸ್ಸಿನಲ್ಲಿ ಮೂವತ್ತು ಜನ ಇದ್ದರು. ಫೋಟೊ ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ.

ಡ್ರೈವರ್ ಮೇಲೆ ನನ್ನ ದೂರಿಲ್ಲ. ಜೋರಾಗಿ ಓಡಿಸಲಿಲ್ಲ, ಮಳೆಯಲ್ಲಿ ಜೋಪಾನವಾಗಿಯೇ ಬಂದರು.

6 ಗಂಟೆಗೆ ಶಿರಸಿ ತಲುಪಬೇಕಿತ್ತು. ಇಳಿದಾಗ 8:40. ಅಲ್ಲಿಂದ ಊರಿಗೆ ಇನ್ನೂ ಮುಕ್ಕಾಲು ಗಂಟೆ. ಪುರೋಹಿತರು ಮುಹೂರ್ತ ಮೀರುತ್ತದೆ ಅಂತ ಎರಡು ಸಲ ಹೇಳಿದ ಮೇಲೆ ಅಜ್ಜ ಮಗುವಿಲ್ಲದೆಯೇ ಮಣೆ ಮೇಲೆ ಕೂತಿದ್ದರು. ನಾವು ಹೋಗುವಷ್ಟರಲ್ಲಿ ಕಲಶದ ನೀರು ಹಾಕಿ ಮುಗಿದಿತ್ತು. ಮಗಳಿಗೆ ಮೂಗು ಕಟ್ಟಿ, ಮೈ ಬೆಚ್ಚಗಾಗಿ, ಯಾರ ಕೈಗೂ ಹೋಗದೆ ಒಂದೇ ಸಮ ಅಳು. ಅಜ್ಜ ಒದ್ದೆ ಪಂಚೆಯಲ್ಲೇ ಎದ್ದು ಬಂದು 'ಕೂಸಿಗೆ ಎಂತಾತು?' ಅಂತ ಕೇಳಿದರು. ನನಗೆ ಮಾತು ಹೊರಡಲಿಲ್ಲ. ಅಜ್ಜ, ಅಮ್ಮ, ನಾನು, ಮಗಳು, ನಾಲ್ಕು ತಲೆಮಾರು ಒಟ್ಟಿಗೆ ಇರುವ ಒಂದು ಫೋಟೊ ಕೂಡ ಆ ದಿನ ಆಗಲಿಲ್ಲ. ಸಂಜೆ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಬಸ್ಸು ಕೆಟ್ಟರೆ ಬೇರೆ ಬಸ್ಸು ಕಳಿಸುವುದು ತಪ್ಪಲ್ಲ. ಆದರೆ ಯಾರನ್ನು ಎಲ್ಲಿ ಮಲಗಿಸಬೇಕು ಅಂತ ಒಮ್ಮೆ ಯೋಚಿಸಬಹುದಿತ್ತು, ಅಲ್ವಾ? ನಿಮ್ಮ ಬುಕಿಂಗ್ ಆ್ಯಪಿನಲ್ಲಿ ಹೆಸರು, ವಯಸ್ಸು, ಗಂಡೋ ಹೆಣ್ಣೋ ಎಲ್ಲ ಕೇಳುತ್ತೀರಿ. ಜೊತೆಗೆ ಕೈಕೂಸು ಇದೆಯಾ ಎಂದು ಕೇಳುವ ಜಾಗವೇ ಇಲ್ಲ. ಮಗುವಿಗೆ ಟಿಕೆಟ್ ಇಲ್ಲ, ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಮಗುವೇ ಇಲ್ಲ. ಈ ದೂರಿನ ಮೂಲ ಇದೇ ಅಂತ ನನಗೆ ಅನಿಸುತ್ತದೆ. ಆ ಒಂದು ಪ್ರಶ್ನೆ ಸೇರಿಸಿ. ಬಸ್ಸು ಬದಲಾದರೂ ಮಗು ಇರುವ ತಾಯಂದಿರಿಗೆ ಮತ್ತು ವಯಸ್ಸಾದವರಿಗೆ ಮೊದಲು ಕೆಳಗಿನ ಬರ್ತ್ ಕೊಟ್ಟು, ಉಳಿದವರಿಗೆ ಆಮೇಲೆ ಹಂಚಿ. ತುರ್ತು ಬಾಗಿಲಿನ ಹತ್ತಿರ ಇನ್ನು ಮುಂದೆ ಒಂದು ಪಾರ್ಸೆಲ್ ಕೂಡ ಇಡುವುದಿಲ್ಲ ಎಂದು ನನಗೆ ಬರವಣಿಗೆಯಲ್ಲಿ ತಿಳಿಸಿ.

ಟಿಕೆಟಿನ 2300 ರೂಪಾಯಿ ಪೂರ್ತಿ ವಾಪಸ್ ಬೇಕು. ಮುಂದಿನ ಪ್ರಯಾಣಕ್ಕೆ ಕೂಪನ್ ಕೊಡುತ್ತೇವೆ ಎಂದು ನಿಮ್ಮವರು ಸೋಮವಾರ ಫೋನಿನಲ್ಲಿ ಹೇಳಿದರು, ಅದು ಬೇಡ. 15 ದಿನದೊಳಗೆ ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು.

ಟಿಕೆಟ್ ಪ್ರತಿ, ತುರ್ತು ಬಾಗಿಲಿನ ಮತ್ತು ಮುರಿದ ಎಸಿ ಮುಚ್ಚಳದ ಫೋಟೊಗಳು, ಡಾಕ್ಟರ ಚೀಟಿ ಇದರ ಜೊತೆಗಿವೆ.

ಇಂತಿ,
ನಿಮ್ಮ ಪ್ರಯಾಣಿಕರು
(ಹೆಸರು ಮತ್ತು ಫೋನ್ ನಂಬರ್ ಟಿಕೆಟಿನ ಮೇಲಿದೆ)