ಬಜ್ಪೆ ಶಾಲೆಯ ಬಿದಿರಿನ ವಿಮಾನಕ್ಕೆ ನೆರವು ಕೋರಿ

ಮಾನ್ಯ ವಿದ್ಯಾಭಿಮಾನಿಗಳೇ,

1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಜ್ಪೆಗೆ ಬಂದಿಳಿದರು. ಅಂದಿನಿಂದ ನಮ್ಮೂರಿನ ಮಕ್ಕಳು ವಿಮಾನದ ಸದ್ದಿನಲ್ಲೇ ಬೆಳೆದಿದ್ದಾರೆ. ಸದ್ದು ದೂರವಾಗುವವರೆಗೆ ಪಾಠ ನಿಲ್ಲಿಸುವುದು ನಮ್ಮ ಶಿಕ್ಷಕರಿಗೆ ರೂಢಿ. ಆದರೆ ವಿಮಾನ ಹಾರುವುದು ಹೇಗೆ ಎಂದು ಕೇಳಿದರೆ ಉತ್ತರಿಸುವವರು ಕಡಿಮೆ. ಗಲ್ಫ್‌ನಲ್ಲಿ ದುಡಿಯುವ ಅಪ್ಪನನ್ನು ಕರೆತರುವ, ಮತ್ತೆ ಕರೆದೊಯ್ಯುವ ವಾಹನವೆಂದಷ್ಟೇ ಅನೇಕರಿಗೆ ಅದರ ಪರಿಚಯ.

ಅದಕ್ಕಾಗಿ ಶಾಲೆಯ ಸಭಾಂಗಣದಲ್ಲಿ ಮಕ್ಕಳ ಕೈಯಿಂದಲೇ ಪೂರ್ಣ ಗಾತ್ರದ, ಹಾರದ ವಿಮಾನವೊಂದನ್ನು ಕಟ್ಟಿಸಲು ಹೊರಟಿದ್ದೇವೆ. ಆರಿಸಿಕೊಂಡಿರುವುದು ಬ್ರೆಜಿಲ್‌ನ ಸಾಂತೋಸ್ ಡುಮೊಂಟ್ ಪ್ಯಾರಿಸ್‌ನಲ್ಲಿ ರೂಪಿಸಿದ 'ಡೆಮೊಯ್ಸೆಲ್'. ಅದರ ಒಡಲು ಮೂರು ಬಿದಿರಿನ ಗಳುಗಳು, ರೆಕ್ಕೆಗೆ ಹೊದಿಸಿದ್ದು ರೇಷ್ಮೆ ಬಟ್ಟೆ. ಚಾಲಕ ಕೂರುವುದು ರೆಕ್ಕೆಯ ಕೆಳಗೆ. ರೆಕ್ಕೆಯನ್ನು ತಿರುಚುವ ಸನ್ನೆಕೋಲು ಅವನ ಕೋಟಿನ ಬೆನ್ನಿಗೇ ಜೋಡಣೆಯಾಗಿದ್ದು, ಮೈ ವಾಲಿಸಿದರೆ ರೆಕ್ಕೆಯೂ ತಿರುಚಿಕೊಳ್ಳುತ್ತಿತ್ತು. ಇಂಥದ್ದನ್ನು ಯಾರು ಬೇಕಾದರೂ ಕಟ್ಟಿಕೊಳ್ಳಲೆಂದು ಅವರು ಪೇಟೆಂಟ್ ಪಡೆಯದೆ ನಕ್ಷೆಯನ್ನು ಜಗತ್ತಿಗೇ ಬಿಟ್ಟುಕೊಟ್ಟರು. ಈ ಔದಾರ್ಯವನ್ನು ಮಕ್ಕಳು ತಿಳಿಯಲೇಬೇಕು.

ದೂರದ ಕಥೆಯೆಂದು ಭಾವಿಸಬೇಡಿ. ನಮ್ಮ ಜಿಲ್ಲೆ ಆಗ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿಯೇ, 1910ರಲ್ಲಿ, ಹೋಟೆಲ್ ಮಾಲೀಕ ಡಿ'ಏಂಜೆಲಿಸ್ ತಮ್ಮದೇ ವಿನ್ಯಾಸದ ವಿಮಾನವನ್ನು ಸಿಂಪ್ಸನ್ ಕಾರ್ಖಾನೆಯಲ್ಲಿ ಕಟ್ಟಿಸಿ ಪಲ್ಲಾವರಂನಲ್ಲಿ ಹಾರಿಸಿದ್ದರು. ಬಿದಿರು ಸೀಳುವುದು ನಮ್ಮ ಮಕ್ಕಳಿಗೂ ಹೊಸದಲ್ಲ. ದೀಪಾವಳಿಗೆ ಗೂಡುದೀಪ ಕಟ್ಟುವಾಗ ಸೀಳನ್ನು ಬೆಂಕಿಗೆ ಹಿಡಿದು ಬಾಗಿಸಿ, ಗಂಟು ಬಿಗಿದು, ಮುರಿಯದಂತೆ ಹದ ಮಾಡುವ ಕೈಚಳಕ ಅವರಲ್ಲಿದೆ.

ಗೋಡೆಯ ಮೇಲೆ ಅವಘಡಗಳ ಪಾಠವೂ ಇರುತ್ತದೆ. 1908ರಲ್ಲಿ ಆರ್ವಿಲ್ ರೈಟ್ ನಡೆಸುತ್ತಿದ್ದ ವಿಮಾನದ ಪ್ರೊಪೆಲರ್ ಮುರಿದು, ಜೊತೆಗಿದ್ದ ಸೇನಾಧಿಕಾರಿ ಥಾಮಸ್ ಸೆಲ್ಫ್ರಿಜ್ ಮೃತಪಟ್ಟರು. 1981ರಲ್ಲಿ ನಮ್ಮ ರನ್‌ವೇ ದಾಟಿ ಹೋದ ಆವ್ರೋ ವಿಮಾನದಲ್ಲಿ ಎಲ್ಲರೂ ಬದುಕಿ ಬಂದರು. 2010ರ ಮೇ 22ರಂದು ಇನ್ನೊಂದು ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದಾಗ ಹಾಗಾಗಲಿಲ್ಲ. 166 ಮಂದಿಯಲ್ಲಿ 158 ಜನರನ್ನು ಕಳೆದುಕೊಂಡೆವು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರೋಣವೆಂದು ಸಹ ಪೈಲಟ್ ಮೂರು ಬಾರಿ ಎಚ್ಚರಿಸಿದ್ದರೆಂದು ತನಿಖೆ ಹೇಳಿತು. ಹಿರಿಯರ ತಪ್ಪನ್ನು ಕಿರಿಯರು ಹೇಳಿದಾಗ ಕೇಳಿಸಿಕೊಳ್ಳಬೇಕೆಂಬ ಮಾತನ್ನು ತರಗತಿಯಲ್ಲಿ ಇದಕ್ಕಿಂತ ಗಂಭೀರವಾಗಿ ಕಲಿಸಲಾಗದು. ಅಂದು ಕೆಂಜಾರಿನ ಕಣಿವೆಗೆ ಓಡಿದ ಊರವರ ನೆನಪುಗಳನ್ನು, ಅವರ ಒಪ್ಪಿಗೆಯಿದ್ದರೆ ಮಾತ್ರ, ಮಕ್ಕಳು ಬರೆದುಕೊಳ್ಳಲಿದ್ದಾರೆ.

ಬಲಿತ ಬಿದಿರು, ಬಟ್ಟೆ, ತಂತಿ, ಸೈಕಲ್ ಚಕ್ರ, ಬಡಗಿಯ ಕೂಲಿ, ಫಲಕಗಳ ಮುದ್ರಣ ಇವಿಷ್ಟಕ್ಕೆ ಹಣ ಬೇಕು. ಊರ, ಪರವೂರ ದಾನಿಗಳು, ಹಳೆ ವಿದ್ಯಾರ್ಥಿಗಳು ನಗದಾಗಿಯೋ ವಸ್ತುರೂಪದಲ್ಲೋ ಕೈಲಾದಷ್ಟು ನೀಡಬೇಕಾಗಿ ವಿನಂತಿ. ಬಿದಿರು ಹದಮಾಡಬಲ್ಲವರು ಎರಡು ಶನಿವಾರ ಬಂದು ಹೇಳಿಕೊಟ್ಟರೆ ಅದೂ ದೊಡ್ಡ ದೇಣಿಗೆಯೇ. ಹಳೆಯ ಬಜ್ಪೆ ನಿಲ್ದಾಣದ ಫೋಟೊ, ಟಿಕೆಟುಗಳಿದ್ದರೆ ತನ್ನಿ. ಪ್ರತಿ ತೆಗೆದುಕೊಂಡು ಮರಳಿಸುತ್ತೇವೆ. ಪ್ರತಿ ದೇಣಿಗೆಗೂ ಶಾಲಾ ಕಚೇರಿಯಲ್ಲಿ ರಸೀದಿ ದೊರೆಯುತ್ತದೆ. ಖರ್ಚಿನ ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಾಕುತ್ತೇವೆ.

ಇತಿ,
ಶಾಲಾಭಿವೃದ್ಧಿ ಸಮಿತಿ ಹಾಗೂ ಹಳೆ ವಿದ್ಯಾರ್ಥಿ ಸಂಘ